ಮಡಿಕೋಲಿನ ಎರಡು ತುದಿ

ನಾನು ಒಂದು ಬಿದಿರುಕೋಲು. ಮೇದರವನ ಕತ್ತಿ ನನ್ನ ಗಿಣ್ಣುಗಳನ್ನು ಸವರಿ ನುಣುಪು ಮಾಡಿತು. ಸಂತೆಯಿಂದ ಶೇಷಮ್ಮನವರ ಮನೆಗೆ ಬಂದ ದಿನವೇ ನನ್ನನ್ನು ತೊಳೆದು ಮಡಿಕೋಲು ಎಂದು ಹೆಸರಿಟ್ಟರು. ಅವರ ಮಡಿಸೀರೆಯನ್ನು ಯಾರ ಮೈಯೂ ತಾಗದಂತೆ ಸೂರಿನಡಿಯ ಗಳುವಿಗೆ ಏರಿಸುವುದು, ಒಣಗಿದ ಮೇಲೆ ಇಳಿಸುವುದು, ಇಷ್ಟೇ ನನ್ನ ಕೆಲಸ.

ಆ ಮನೆಯಲ್ಲಿ ನಾನು ಮೊದಲು ಕಲಿತದ್ದು ಹೆದರಿಕೆ. ಬೆಕ್ಕು ಸವರಿಕೊಂಡು ಹೋದರೆ ನನಗೆ ಸ್ನಾನ. ಸೊಸೆ ವಿಶಾಲುವಿನ ಸೆರಗು ಗಾಳಿಗೆ ಹಾರಿ ತಗುಲಿದರೂ ಸ್ನಾನ. ತಿಂಗಳ ಮೂರು ದಿನ ಅವಳು ಹೊರಗಾಗಿ ಹಿತ್ತಲ ಜಗಲಿಯಲ್ಲಿ ಕೂತಾಗಂತೂ ಅವಳ ನೆರಳು ಕಂಡರೇ ನಾನು ಗೋಡೆಗೆ ಒತ್ತಿಕೊಳ್ಳುತ್ತಿದ್ದೆ. ಅವಳು ಮುಟ್ಟಿದರೆ ಕೋಲಿಗೆ ಒಲೆಯೇ ಗತಿ ಎಂದು ಶೇಷಮ್ಮನವರು ಹೇಳಿದ್ದರು. ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ.

ವಿಶಾಲು ಹೊರಗೆ ಕೂತಿದ್ದ ಅಂಥದೇ ಒಂದು ದಿನ, ಗಂಡಸರು ಮನೆಯಲ್ಲಿಲ್ಲದ ಹೊತ್ತು, ಶೇಷಮ್ಮನವರು ಮಡಿನೀರು ಸೇದುತ್ತಾ ಪಾಚಿಯಲ್ಲಿ ಜಾರಿ ಬಾವಿಗೆ ಬಿದ್ದರು. ವಿಶಾಲು ಚೀರಿಕೊಂಡು ಓಡಿಬಂದಳು. ಕೈಗೆ ಸಿಕ್ಕಿದ್ದು ನಾನು. ಕಟ್ಟೆಯ ಮೇಲೆ ಬೋರಲು ಮಲಗಿ ನನ್ನನ್ನು ಕೆಳಗೆ ಚಾಚಿದಳು.

"ಅತ್ತೆ, ಹಿಡ್ಕೊಳ್ಳಿ!"

ಶೇಷಮ್ಮನವರು ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿ ನೇತಾಡುತ್ತಿದ್ದರು. ಗಲ್ಲದವರೆಗೆ ನೀರು.

"ನೀನು ಮುಟ್ಟಿದ್ದು ಬೇಡ... ಯಾರನ್ನಾದ್ರೂ ಕರಿಯೇ!"

"ಯಾರೂ ಇಲ್ಲ! ದಮ್ಮಯ್ಯ ಅಂತೀನಿ, ಹಿಡ್ಕೊಳ್ಳಿ!"

ನನ್ನ ತುದಿ ಅವರ ಮೂಗಿನ ಮುಂದೆ ನಡುಗುತ್ತಿತ್ತು. ಆಕೆ ನೋಡಿದ ನೋಟವನ್ನು ಮರೆಯಲಾರೆ. ನೀರಿಗಿಂತ ನನಗೇ ಹೆಚ್ಚು ಹೆದರಿದ್ದರು. ಬೆರಳು ಜಾರಿತು, ಬಾಯಿಗೆ ನೀರು ನುಗ್ಗಿತು. ಆಗ ಹಿಡಿದರು. ಆ ಹಿಡಿತಕ್ಕೆ ನನ್ನ ಗಿಣ್ಣೊಂದು ಸೀಳಿತು. ಎಲ್ಲಿ ಮುರಿದುಬಿಡುತ್ತೇನೋ ಎಂದು ನನಗೆ ಜೀವವೇ ಬಾಯಿಗೆ ಬಂತು. ಕಾಲಿಗೆ ಮೆಟ್ಟುಗಲ್ಲು ಸಿಗುವವರೆಗೆ ವಿಶಾಲು ಬಿಡಲಿಲ್ಲ.

ಮೇಲೆ ಬಂದ ಶೇಷಮ್ಮನವರು ಒದ್ದೆ ಸೀರೆಯಲ್ಲೇ ಬಚ್ಚಲಿಗೆ ನಡೆದರು. ಸ್ನಾನ ಮಾಡಿದರು, ನನಗೂ ನೀರು ಹುಯ್ದರು. ಒಲೆಗೆ ಇವತ್ತೋ ನಾಳೆಯೋ ಎಂದು ನಾನು ನಡುಗುತ್ತಾ ಕಾದೆ.

ಮುಂದಿನ ತಿಂಗಳು ವಿಶಾಲು ಮತ್ತೆ ಹೊರಗೆ ಕೂತಳು. ಶೇಷಮ್ಮನವರು ಮಡಿಯುಟ್ಟು, ಕೊಡ ಹಿಡಿದು ಬಂದರು. ನನ್ನನ್ನು ಅವಳ ಕೈಗೆಟುಕುವಂತೆ ಜಗಲಿಗೆ ಒರಗಿಸಿ, ಮಾರು ದೂರ ಸರಿದು ನಿಂತರು.

"ಬಾವಿ ಹತ್ರ ಹೋಗ್ತಿದೀನಿ. ಅದು ಅಲ್ಲೇ ಇರ್ಲಿ."

ಈಗ ಶೇಷಮ್ಮನವರಿಲ್ಲ. ಬಾವಿಗೆ ಚಪ್ಪಡಿ ಮುಚ್ಚಿದ್ದಾರೆ. ನಾನು ಹೀರೆಬಳ್ಳಿಗೆ ಆಸರೆಯಾಗಿ ನಿಂತಿದ್ದೇನೆ. ಬೆಕ್ಕು ಮೈಯುಜ್ಜಿದರೂ ಸ್ನಾನವಿಲ್ಲ. ಅಂದು ಮಡಿ ನನ್ನ ಯಾವ ತುದಿಯಲ್ಲಿತ್ತು, ಮೈಲಿಗೆ ಯಾವ ತುದಿಯಲ್ಲಿತ್ತು, ನನಗೆ ಇಂದಿಗೂ ತಿಳಿಯದು. ನಡುಕ ಮಾತ್ರ ಎರಡೂ ತುದಿಯಲ್ಲಿತ್ತು.