ಸ್ಕೋಪ್ ಚಿತ್ರಕ್ಕೆ ಸರಿಸಿದ ಕಂಬ

ತೂಬಗೆರೆಯ ಹೊರಗಿನ ಗಟ್ಟಿನೆಲದಲ್ಲಿ ನರಸಿಂಹಯ್ಯನವರ ಟೂರಿಂಗ್ ಟಾಕೀಸು ಡೇರೆ ಹಾಕಿ ಎರಡು ತಿಂಗಳಾಗಿತ್ತು. ಅದರ ಆಪರೇಟರ್ ಶಫೀವುಲ್ಲಾ ದೊಡ್ಡಬಳ್ಳಾಪುರದವನು, ಹದಿನೆಂಟು ವರ್ಷದಿಂದ ಮಿಷನ್ನಿನ ಹಿಂದೆ ನಿಂತವನು. ಮಿಷನ್ನಿನೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಬೆಳಕು ನೋಡಿ ನೋಡಿ ಅವನ ಕಣ್ಣಂಚು ಸದಾ ಕೆಂಪಗಿರುತ್ತಿತ್ತು. ಮಾತು ಕಡಿಮೆ, ಜಗಳ ಇನ್ನೂ ಕಡಿಮೆ. ಒಂದೇ ಒಂದು ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಚಿತ್ರ ನಾಲ್ಕು ಬೆರಳು ಓರೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹಿಂದಿನ ವರ್ಷ ದೇವನಹಳ್ಳಿ ಹತ್ತಿರ ಡೇರೆ ಹಾಕಿದ್ದಾಗ, ನಟರ ಹಣೆ ಕತ್ತರಿಸಿದಂತೆ ಕಾಣುತ್ತಿದೆ ಎಂದು ತುಂಬಿದ ಆಟವನ್ನು ನಡುವೆಯೇ ನಿಲ್ಲಿಸಿ, ಜನ ಕೂಗಾಡುತ್ತಿದ್ದರೂ ಲೆಕ್ಕಿಸದೆ ಸರಿಮಾಡಿಕೊಂಡೇ ಮುಂದುವರಿಸಿದ್ದ. ನರಸಿಂಹಯ್ಯ ಬೈದಿದ್ದರು. ಆದರೆ ಅವನನ್ನು ಬಿಟ್ಟುಕೊಡಲು ಅವರಿಗೂ ಮನಸ್ಸಿರಲಿಲ್ಲ.

ಡೇರೆಯ ಕೆಲಸವೆಲ್ಲ ಆವಲಪ್ಪನದು. ಕಂಬ ನೆಡುವುದು, ಹಗ್ಗ ಬಿಗಿಯುವುದು, ಮಳೆ ಗಾಳಿ ನೋಡಿಕೊಳ್ಳುವುದು. ಐವತ್ತು ದಾಟಿದ ಗಟ್ಟಿ ಆಳು. ಅವನ ಹೆಂಡತಿ ಸೊಣ್ಣಮ್ಮ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದಳು, ಒಳಗೆ ಅಳುವ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದಳು. ಮಕ್ಕಳಿಲ್ಲದ ಇಬ್ಬರಿಗೂ ಡೇರೆಯೇ ಮನೆ. ಶಫೀವುಲ್ಲಾ ವಾರಕ್ಕೊಮ್ಮೆ ಊರಿಗೆ ಹೋಗಿ ಹೆಂಡತಿ ಶಂಶುನ್ನೀಸಾಳನ್ನು ನೋಡಿ ಬರುತ್ತಿದ್ದ; ಉಳಿದ ದಿನಗಳಲ್ಲಿ ಅವನ ಊಟ ಸೊಣ್ಣಮ್ಮನ ಒಲೆಯ ಮೇಲೆಯೇ. ಬಸ್ಸಾರು ಮಾಡಿದ ದಿನ ಅವನಿಗೆಂದು ಒಂದು ಬಟ್ಟಲು ಬೇರೆ ತೆಗೆದಿಡುತ್ತಿದ್ದಳು.

ಎಪ್ಪತ್ತೇಳರ ಬೇಸಗೆಯಲ್ಲಿ ನರಸಿಂಹಯ್ಯನವರು ಬೆಂಗಳೂರಿನಿಂದ ಒಂದು ತೆಲುಗು ಸ್ಕೋಪ್ ಚಿತ್ರ ಹಿಡಿದು ತಂದರು. ಬಣ್ಣದ ಚಿತ್ರ, ಶುಕ್ರವಾರದಿಂದ ಮೂರು ದಿನದ ಆಟಕ್ಕೆ ಮಾತ್ರ. ಅಂಥ ಚಿತ್ರದ ರೀಲಿನಲ್ಲಿ ಎಲ್ಲರೂ ಬಡಕಲಾಗಿ, ಉದ್ದುದ್ದವಾಗಿ ಇರುತ್ತಾರೆ. ಮಿಷನ್ನಿನ ಮುಂದೆ ಇನ್ನೊಂದು ಲೆನ್ಸು ಸಿಕ್ಕಿಸಿದರೆ ಚಿತ್ರ ಅಗಲಕ್ಕೆ ಹಿಗ್ಗಿ ಸರಿಹೋಗುತ್ತದೆ. ಶಫೀವುಲ್ಲಾ ಇದನ್ನು ಬೆಂಗಳೂರಿನ ಥಿಯೇಟರುಗಳಲ್ಲಿ ನೋಡಿದ್ದ, ಆದರೆ ತನ್ನ ಕೈಯಾರೆ ಒಮ್ಮೆಯೂ ತೋರಿಸಿರಲಿಲ್ಲ.

ಬುಧವಾರ ಮಧ್ಯಾಹ್ನ ಡೇರೆಯ ಪಕ್ಕದ ಬಟ್ಟೆಗಳನ್ನೆಲ್ಲ ಇಳಿಸಿ ಮೊದಲ ಸಲ ಬಿಟ್ಟು ನೋಡಿದರು. ಹಿಗ್ಗಿದ ಚಿತ್ರ ಪರದೆಯನ್ನು ದಾಟಿ ಎರಡೂ ಕಡೆ ಡೇರೆಯ ಗೋಡೆಬಟ್ಟೆಯ ಮೇಲೆ ಹರಿದಿತ್ತು. ನಾಯಕನ ಮೂಗು ಪರದೆಯ ಮೇಲೆ, ಕಿವಿ ಬಿದಿರಿನ ಮೇಲೆ. ಬಾಗಿಲಲ್ಲಿ ನಿಂತಿದ್ದ ಸೊಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಶಫೀವುಲ್ಲಾ ನಗಲಿಲ್ಲ. ಗುರುವಾರ ಬೆಳಿಗ್ಗೆಯೇ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಚಿತ್ರವನ್ನು ಚಿಕ್ಕದು ಮಾಡುವ ಬೇರೆ ಲೆನ್ಸು ಹುಡುಕಿ ತಂದ. ಊರಿನ ದರ್ಜಿಯಿಂದ ಪರದೆಯ ಎರಡೂ ಪಕ್ಕಕ್ಕೆ ಹೊಸ ಬಟ್ಟೆ ಜೋಡಿಸಿ ಹೊಲಿಸಿದ.

ಶುಕ್ರವಾರ ಮಧ್ಯಾಹ್ನ ಮತ್ತೆ ಬಿಟ್ಟು ನೋಡಿದಾಗ ಚಿತ್ರ ಮೇಲೆ ಕೆಳಗೆ ಸರಿಯಾಗಿ ಕೂತಿತ್ತು. ಅಗಲವೂ ಹೊಂದಿತ್ತು. ಆದರೆ ಎರಡೂ ಅಂಚಿನಲ್ಲಿ ಎರಡೆರಡು ಅಡಿಯಷ್ಟು ಕತ್ತಲೆ. ಲೆನ್ಸು ತಿರುಗಿಸಿದ, ಒರೆಸಿದ, ಬಿಚ್ಚಿ ಮತ್ತೆ ಹಾಕಿದ. ಕತ್ತಲೆ ಕದಲಲಿಲ್ಲ. ಕೊನೆಗೆ ಡೇರೆಯ ನಡುವೆ ಬಂದು ನಿಂತಾಗ ಗೊತ್ತಾಯಿತು. ಡೇರೆಯನ್ನು ಹೊತ್ತ ಎರಡು ದೊಡ್ಡ ಕಂಬಗಳ ನಡುವಿನಿಂದ ಬೆಳಕು ಹಾದುಹೋಗುತ್ತಿತ್ತು. ಹಳೆಯ ಚಿತ್ರಗಳಿಗೆ ಆ ಜಾಗ ಸಾಕಾಗಿತ್ತು. ಈ ಅಗಲದ ಬೆಳಕು ಎರಡೂ ಕಂಬಕ್ಕೆ ತಾಗಿ, ಕಂಬಗಳ ನೆರಳು ಪರದೆಯ ಅಂಚಿಗೆ ಬೀಳುತ್ತಿತ್ತು.

ನರಸಿಂಹಯ್ಯನವರು ಹಾಗೇ ಇರಲಿ ಬಿಡು ಎಂದರು. ಜನ ನಡುವೆ ನೋಡುತ್ತಾರೆ, ಅಂಚನ್ನು ಯಾರು ನೋಡುತ್ತಾರೆ ಎಂದರು. ಶಫೀವುಲ್ಲಾ ಒಪ್ಪಲಿಲ್ಲ. ಆ ಚಿತ್ರದ ಎರಡನೆಯ ರೀಲಿನಲ್ಲಿ ತಾಯಿ ಒಂದು ತುದಿಯಲ್ಲಿ, ಮಗ ಇನ್ನೊಂದು ತುದಿಯಲ್ಲಿ ನಿಂತು ಮಾತಾಡುತ್ತಾರೆ, ನಡುವೆ ಬರೀ ಅಂಗಳ. ಅಂಚು ಹೋದರೆ ಜನ ಖಾಲಿ ಅಂಗಳ ನೋಡಿಕೊಂಡು ಕೂರಬೇಕೇ ಎಂದು ಕೇಳಿದ. ಕಂಬಗಳನ್ನು ಒಂದೊಂದೂವರೆ ಅಡಿ ಆಚೆ ಸರಿಸಿದರೆ ಸಾಕು ಎಂದ. ಯಜಮಾನರು ಕೈ ಝಾಡಿಸಿ, ಆಟದ ಹೊತ್ತಿಗೆ ಮುಗಿಯುವುದಾದರೆ ಏನಾದರೂ ಮಾಡಿಕೊಳ್ಳಿ ಎಂದು ಎದ್ದುಹೋದರು.

ಗಂಡಸರ ಕಡೆಯ ಕಂಬಕ್ಕೆ ಹೊಸ ಗುಂಡಿ ತೋಡಲು ಆವಲಪ್ಪನಿಗೆ ಒಂದು ಗಂಟೆ ಹಿಡಿಯಿತು. ಮೊಣಕಾಲು ಮುಳುಗುವಷ್ಟು ಆಳಕ್ಕೆ ಇಳಿಸಿ, ಕಲ್ಲು ಗಿಡಿದು, ಮಣ್ಣು ತುಳಿದು ಗಟ್ಟಿ ಮಾಡಿದ. ಹೆಂಗಸರ ಕಡೆ ಹಾರೆ ಹಾಕಿದರೆ ಒಂದು ಗೇಣಿಗೇ ಬಂಡೆ. ಅರ್ಧ ಅಡಿ ಈಚೆ ತೋಡಿದ, ಅಲ್ಲೂ ಬಂಡೆ. ಹೊರಗೆ ಆಗಲೇ ಗಾಡಿಗಳು ಬಂದು ನಿಂತಿದ್ದವು. ಸುತ್ತಲ ಹಳ್ಳಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದರು. ಆವಲಪ್ಪ ಹಾರೆ ಊರಿಕೊಂಡು ನಿಂತು, ಕಂಬವನ್ನು ಮೊದಲಿನ ಗುಂಡಿಗೇ ಇಳಿಸೋಣ ಎಂದ.

"ಇವತ್ತೊಂದಿನ ಬಂಡೆ ಮೇಲೇ ನಿಲ್ಸಣ್ಣ," ಅಂದ ಶಫೀವುಲ್ಲಾ. "ಹಗ್ಗ ಬಿಗಿಯಾಗಿ ಎಳ್ದು ಕಟ್ಟು. ನಾಳೆ ಬೇರೆ ದಾರಿ ನೋಡಾಣ."

"ಗಾಳಿ ಬಂದ್ರೆ?"

"ಮೋಡಾನೇ ಇಲ್ವಲ್ಲ."

ಆವಲಪ್ಪ ಆಕಾಶ ನೋಡಿದ. ನಿಜವಾಗಿಯೂ ಮೋಡವಿರಲಿಲ್ಲ. ಒಂದು ಗೇಣಿನ ಗುಂಡಿಯಲ್ಲಿ ಕಂಬ ನಿಲ್ಲಿಸಿ, ಸುತ್ತ ಕಲ್ಲು ಒತ್ತಿ, ಹೊರಗೆ ಗೂಟ ಹೊಡೆದು ಹಗ್ಗ ಬಿಗಿದ. ಎರಡು ಸಲ ಭುಜ ಕೊಟ್ಟು ತಳ್ಳಿ ನೋಡಿದ. ಕಂಬ ಅಲ್ಲಾಡಲಿಲ್ಲ.

ಹೊತ್ತು ಮುಳುಗಿ ಆಟ ಶುರುವಾದಾಗ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಕು ಪರದೆಗೆ ಬಿದ್ದು ಚಿತ್ರ ಆ ತುದಿಯಿಂದ ಈ ತುದಿಯವರೆಗೆ ಹರಡಿಕೊಂಡಾಗ ಜನ ತಲೆಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ ನೋಡಿದರು. ಆಮೇಲೆ ಶಿಳ್ಳೆ. ಶಫೀವುಲ್ಲಾ ಕ್ಯಾಬಿನ್ನಿನ ಕಿಂಡಿಯಿಂದ ನೋಡಿದ. ಎಡಕ್ಕೂ ಬಲಕ್ಕೂ ಚಿತ್ರ ಹೊಸ ಬಟ್ಟೆಯ ಅಂಚಿನವರೆಗೆ ಬಂದು ನೇರವಾಗಿ ನಿಂತಿತ್ತು. ಹದಿನೆಂಟು ವರ್ಷದಲ್ಲಿ ಅವನು ಇಷ್ಟು ಒಳ್ಳೆಯ ಚಿತ್ರ ತೋರಿಸಿರಲಿಲ್ಲ. ಎರಡನೆಯ ರೀಲಿನಲ್ಲಿ ತಾಯಿ ಮಗ ಎರಡು ತುದಿಯಲ್ಲಿ ನಿಂತು ಮಾತಾಡಿದಾಗ ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಸೊಣ್ಣಮ್ಮ ಟಿಕೆಟ್ ಕೆಲಸ ಮುಗಿಸಿ ಒಳಗೆ ಬಂದು, ಬೇರೆಲ್ಲೂ ಜಾಗ ಸಿಗದೆ ಹೆಂಗಸರ ಕಡೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು.

ಐದನೆಯ ರೀಲು ನಡೆಯುವಾಗ ಗಾಳಿ ಎದ್ದಿತು. ಬೇಸಗೆಯ ಸಂಜೆಗಳಲ್ಲಿ ಹೇಳದೆ ಕೇಳದೆ ಬರುವ ಗಾಳಿ, ಮೊದಲು ದೂಳು, ಹಿಂದೆಯೇ ಬೀಸು. ಕರೆಂಟು ಕೊಡುವ ಆಯಿಲ್ ಎಂಜಿನ್ನಿನ ಸದ್ದಿನಲ್ಲಿ ಕ್ಯಾಬಿನ್ನಿನೊಳಗಿದ್ದ ಶಫೀವುಲ್ಲಾನಿಗೆ ಅದು ಕೇಳಿಸಲಿಲ್ಲ. ಅವನಿಗೆ ಕಂಡದ್ದು ಪರದೆಯ ಎಡ ಅಂಚಿನಲ್ಲಿ ಒಂದು ಕಪ್ಪು ಗೆರೆ. ಅದು ಒಳಗೆ ಬಂತು, ಹಿಂದೆ ಸರಿಯಿತು, ಮತ್ತೆ ಇನ್ನೂ ಒಳಗೆ ಬಂತು. ಲೆನ್ಸು ಸಡಿಲವಾಯಿತು ಅಂದುಕೊಂಡು ಅವನು ಅದಕ್ಕೆ ಕೈಹಾಕಿದ. ತಿರುಗಿಸಿದ. ಗೆರೆ ಹೋಗಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಹೊರಗಿನಿಂದ ಆವಲಪ್ಪ ಹಗ್ಗ ಹಗ್ಗ ಎಂದು ಕೂಗಿದ್ದು ಆಗ ಕಿವಿಗೆ ಬಿತ್ತು. ಅಷ್ಟರಲ್ಲಿ ಕಪ್ಪು ಗೆರೆ ಓರೆಯಾಗಿ ಇಡೀ ಚಿತ್ರವನ್ನು ಸೀಳಿಕೊಂಡು ಇಳಿಯಿತು. ಪರದೆಯೂ ಚಿತ್ರವೂ ಕಾಣದಾದವು. ಬಿದ್ದ ಡೇರೆಯ ಬಟ್ಟೆಯ ಮೇಲೆ ಮಿಷನ್ನಿನ ಬೆಳಕು ಬಣ್ಣಬಣ್ಣವಾಗಿ ಬೀಳುತ್ತಲೇ ಇತ್ತು, ಕೆಳಗೆ ಜನ ಕಿರುಚುತ್ತಿದ್ದರು.

ಗಂಡಸರ ಕಡೆಯ ಕಂಬ ನಿಂತೇ ಇದ್ದದ್ದರಿಂದ ಆ ಕಡೆಯವರು ಹೊರಗೆ ಓಡಿದರು. ಹೆಂಗಸರ ಕಡೆ ಬಟ್ಟೆ ಕೊಯ್ದು ಒಬ್ಬೊಬ್ಬರನ್ನೇ ಎಳೆದುಕೊಳ್ಳಬೇಕಾಯಿತು. ಕೈಕಾಲು ಮುರಿದವರು ಏಳು ಜನ. ಸೊಣ್ಣಮ್ಮ ಕಂಬದ ಅಡಿಯಲ್ಲಿದ್ದಳು. ಅವಳನ್ನು ಹೊರಗೆ ತಂದಾಗ ಉಸಿರಿತ್ತು. ಗಾಡಿಯಲ್ಲಿ ಮಲಗಿಸಿ ದೊಡ್ಡಬಳ್ಳಾಪುರದ ದಾರಿ ಹಿಡಿದರು. ಅರ್ಧ ದಾರಿಯಲ್ಲಿ ಆವಲಪ್ಪ ಎತ್ತುಗಳನ್ನು ನಿಲ್ಲಿಸಲು ಹೇಳಿದ. ಶಫೀವುಲ್ಲಾ ಗಾಡಿಯ ಹಿಂದೆ ನಡೆಯುತ್ತಿದ್ದವನು ಮುಂದೆ ಬಂದು ಎತ್ತುಗಳನ್ನು ತೂಬಗೆರೆಯ ಕಡೆಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ನರಸಿಂಹಯ್ಯನವರು ಶಫೀವುಲ್ಲಾನನ್ನು ಪಕ್ಕಕ್ಕೆ ಕರೆದರು. ಆವಲಪ್ಪ ಕಂಬವನ್ನು ಸರಿಯಾಗಿ ಹೂಳಲಿಲ್ಲ, ಅಷ್ಟೇ ಹೇಳು, ನಿನ್ನ ಹೆಸರು ನಾನು ಎಲ್ಲೂ ತರುವುದಿಲ್ಲ ಎಂದರು. ಅವನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಬಂದ ಆವಲಪ್ಪನನ್ನು ಪೊಲೀಸರು ಒದ್ದೆಬಟ್ಟೆಯಲ್ಲೇ ಕರೆದುಕೊಂಡು ಹೋದರು. ಕಂಬ ನಾನೇ ನಿಲ್ಲಿಸಿದ್ದು ಎಂದಷ್ಟೇ ಅವನು ಹೇಳಿದ್ದ. ಯಾರು ಹೇಳಿ ನಿಲ್ಲಿಸಿದ್ದು ಎಂದು ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲವಂತೆ.

ಶಫೀವುಲ್ಲಾ ಊರಿಗೆ ಬಂದು ಎರಡು ದಿನ ಮನೆಯ ಮೂಲೆಯಲ್ಲಿ ಕೂತ. ಶಂಶುನ್ನೀಸಾ ತಟ್ಟೆ ತಂದಿಟ್ಟಳು, ಹಾಗೇ ತೆಗೆದುಕೊಂಡು ಹೋದಳು. ಸೊಣ್ಣಮ್ಮನನ್ನು ಅವಳು ನೋಡಿದ್ದಳು. ಹಿಂದಿನ ರಂಜಾನಿಗೆ ಮನೆಗೆ ಬಂದು ಉಂಡುಹೋಗಿದ್ದವಳು. ಎರಡನೆಯ ದಿನ ಸಂಜೆ ಅವನು ಎಲ್ಲವನ್ನೂ ಹೇಳಿದ. ಬಂಡೆ, ಒಂದು ಗೇಣಿನ ಗುಂಡಿ, ತಾನು ಆಡಿದ ಮಾತು, ಗೆರೆ ಕಂಡಾಗ ಲೆನ್ಸು ತಿರುಗಿಸುತ್ತ ಕಳೆದ ಹೊತ್ತು. ಅವಳು, ನಾಳೆ ಠಾಣೆಗೆ ಹೋಗುವುದಾದರೆ ಹೊಸ ಅಂಗಿ ಬೇಡ, ಹಳೆಯದನ್ನೇ ಒಗೆದುಕೊಡುತ್ತೇನೆ ಎಂದಳು.

ಠಾಣೆಯಲ್ಲಿ ಅವನ ಮಾತು ಬರೆದುಕೊಳ್ಳಲು ಯಾರಿಗೂ ಆತುರವಿರಲಿಲ್ಲ. ಆವಲಪ್ಪ ಒಪ್ಪಿಕೊಂಡಿದ್ದ, ಕೇಸು ಮುಗಿದಂತೆಯೇ ಇತ್ತು. ಮಧ್ಯಾಹ್ನದವರೆಗೆ ಕಾದು ಕೂತವನನ್ನು ಎಸ್‌ಐ ಕೊನೆಗೆ ಒಳಗೆ ಕರೆದು, ಇಷ್ಟು ದಿನ ಸುಮ್ಮನಿದ್ದು ಈಗೇಕೆ ಬಂದೆ ಎಂದು ಕೇಳಿದರು.

"ಬೇಡ ಅಂದೋರು ಆವಲಪ್ಪಣ್ಣ ಸ್ವಾಮಿ, ನಿಲ್ಸು ಅಂದೋನು ನಾನು," ಎಂದ ಶಫೀವುಲ್ಲಾ. "ಅದನ್ನ ಬರ್ಕೊಳಿ."

ಕೇಸು ಎಂಟು ತಿಂಗಳು ನಡೆಯಿತು. ನರಸಿಂಹಯ್ಯನವರ ಲೈಸೆನ್ಸು ಹೋಯಿತು, ಡೇರೆಯನ್ನು ಬಿಚ್ಚಿ ಮಾರಿದರು. ಆವಲಪ್ಪನನ್ನು ದಂಡ ಹಾಕಿ ಬಿಟ್ಟರು. ಶಫೀವುಲ್ಲಾನಿಗೆ ಮೂರು ತಿಂಗಳ ಸಜೆಯಾಯಿತು. ತೀರ್ಪು ಓದಿದಾಗ ಅವನಿಗೆ ಹಗುರವಾಗಲಿಲ್ಲ. ಹಗುರವಾಗಬಹುದು ಎಂದು ಅವನು ಒಳಗೊಳಗೆ ನಂಬಿಕೊಂಡಿದ್ದ. ಹಾಗೇನೂ ಆಗುವುದಿಲ್ಲ ಎಂದು ಅವತ್ತೇ ಗೊತ್ತಾಯಿತು.

ಬಿಡುಗಡೆಯಾದ ಮೇಲೆ ವಿಚಾರಿಸಿಕೊಂಡು ಅರಿಶಿನಕುಂಟೆಗೆ ಹೋದ. ಆವಲಪ್ಪ ಅಲ್ಲಿ ತಂಗಿಯ ಮನೆಯಲ್ಲಿದ್ದ. ಬಹಳ ಇಳಿದುಹೋಗಿದ್ದ. ಕೊಟ್ಟಿಗೆಯ ಮುಂದೆ ಕೂತು ಹುರಿ ಹೊಸೆಯುತ್ತಿದ್ದವನು ಇವನನ್ನು ನೋಡಿ ಎದ್ದು, ಒಂದು ಚೊಂಬು ನೀರು ತಂದು ಕೊಟ್ಟ. ಶಫೀವುಲ್ಲಾ ನೀರು ಕುಡಿದು, ತಪ್ಪು ನನ್ನದು ಅಣ್ಣ ಎಂದಷ್ಟೇ ಹೇಳಿದ.

ಆವಲಪ್ಪ ಹುರಿಯನ್ನು ಮಡಿಚಿ ಪಕ್ಕಕ್ಕಿಟ್ಟ. "ನೀವ್ ಏಳಿದ್ರಿ ಅಂತ್ಲೇ ನಾನ್ ನಿಲ್ಸಿದ್ದಲ್ಲ ಸಾಬ್ರೆ. ಬ್ಯಾಡ ಅಂದು ಕುಂತಿದ್ರೆ ನೀವೇನ್ ನನ್ ಕೈ ಇಡ್ಕೊಂಡು ಮಾಡುಸ್ತಿದ್ರಾ. ನಂಗೂ ನೋಡ್ಬೇಕು ಅನ್ನುಸ್ತು, ಅದು ಪೂರ್ತಿ ಎಂಗ್ ಬತ್ತದೆ ಅಂತ."

ಮಡಿಚಿಟ್ಟ ಹುರಿಯನ್ನು ಮತ್ತೆ ಕೈಗೆತ್ತಿಕೊಂಡು ಎರಡು ಸುತ್ತು ಹೊಸೆದ. ಆಮೇಲೆ ಆವಲಪ್ಪ, "ಇನ್ ಮ್ಯಾಕೆ ಬರ್ಬ್ಯಾಡಿ," ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ನಿಮ್ಮುನ್ನ ಕಂಡ್ರೆ ಅವ್ಳು ಬಟ್ಲು ತೆಗ್ದಿಡೋದು ಗ್ಯಾಪ್ಕ ಬತ್ತದೆ. ನನ್ ಕೈಲಿ ಆಗಾಕಿಲ್ಲ."

ಶಫೀವುಲ್ಲಾ ಚೊಂಬನ್ನು ಜಗಲಿಯ ಮೇಲಿಟ್ಟು ರಸ್ತೆಗೆ ಬಂದ. ನೆಲಮಂಗಲದ ಕಡೆಯ ಬಸ್ಸು ಬರಲು ಬಹಳ ಹೊತ್ತಾಯಿತು. ಆಮೇಲಿನ ವರ್ಷಗಳಲ್ಲಿ ಅವನು ಊರಿನಲ್ಲೇ ಮಗ್ಗದ ಕೆಲಸ ಹಿಡಿದ. ಬೆಂಗಳೂರಿನ ಒಂದು ಥಿಯೇಟರಿನವರು ಹಳೆಯ ಹೆಸರು ಕೇಳಿ ಎರಡು ಸಲ ಕರೆಕಳುಹಿಸಿದರು, ಅವನು ಹೋಗಲಿಲ್ಲ. ಅರಿಶಿನಕುಂಟೆಗೂ ಹೋಗಲಿಲ್ಲ.