ಪ್ರೊಫೆಸರರ ಕಾರು ತಂದವಳು

ನಾಳೆ ಪಿಎಚ್‌ಡಿಗೆ ಸೇರಲಿದ್ದ ತಂಗಿ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಬಂದಾಗ, ಅವಳಿಗೆ ಗೈಡ್ ಆಗಲಿದ್ದ ಪ್ರೊಫೆಸರರ ಕಾರಿನಡಿ ಮಲಗಿದ್ದ ಅಣ್ಣ ಅಲ್ಲಿಂದಲೇ ಗುಡುಗಿದ.

"ಈ ಕಾರನ್ನ ನಿಮ್ಮ ಸರ್ ಒಂದಿನಾನೂ ತಾವಾಗಿ ತಂದಿಲ್ಲ ಕಣೇ! ಹೋಗು, ತಂದವರನ್ನ ಕೇಳು."

ಬೆಂಚಿನ ಮೇಲೆ ವರ್ಷಗಳಿಂದ ಆ ಪ್ರೊಫೆಸರರ ಕೈಕೆಳಗೇ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿನಿ ಕಾಯುತ್ತ ಕೂತಿದ್ದಳು.

"ಅಕ್ಕಾ, ನಿಮ್ಮ ಥೀಸಿಸ್ ಎಲ್ಲಿಗೆ ಬಂತು?" ತಂಗಿ ಮೆಲ್ಲಗೆ ಕೇಳಿದಳು.

"ಇಲ್ಲಿಗೇ, ಗ್ಯಾರೇಜಿಗೆ," ಎಂದು ನಕ್ಕವಳ ಕಣ್ಣು ತುಂಬಿತು. "ಓದು ಬಿಡಬೇಡಮ್ಮ. ಗೈಡ್ ಮಾತ್ರ ಬೇರೆಯವರನ್ನ ನೋಡ್ಕೋ."

ತಂಗಿ ತಲೆಯಾಡಿಸಿದಳು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಅಣ್ಣ ಎದ್ದು ಬಂದು ಕಾರಿನ ಕೀಲಿಯನ್ನು ತನ್ನ ಜೇಬಿಗೇ ಇಳಿಸಿದ.

"ಇದನ್ನ ನಾನೇ ಅವರ ಮನೆಗೆ ಬಿಟ್ಟು, ಆ ಮಹಾನುಭಾವರ ಮುಖಾನೂ ನೋಡ್ಕೊಂಡು ಬರ್ತೀನಿ. ನೀವು ಹೋಗಿ ಥೀಸಿಸ್ ಬರ್ಕೊಳ್ಳಿ ಅಕ್ಕಾ."