ಪುಕ್ಕಟೆ ರಕ್ಷಣೆ

“ಏನ್ ಕೊಟ್ರೇ ನಿಂಗೆ? ಬೊಗಳು. ಅಕ್ಕಿ ಕೊಟ್ರಾ? ಹೊಲಿಗೆ ಮಿಷಿನ್ ಕೊಟ್ರಾ? ಇಲ್ಲ, ಆ ಪಾಸ್ಟ್ರು ಬೋಳಿಮಗ ಬ್ಯಾರೆ ಏನಾದ್ರೂ ಕೊಟ್ನಾ?”

ಕೊನೆಯ ಮಾತಿಗೆ ಗುರುಬಸವರಾಜಪ್ಪ ಗೌಡರು ತಾವೇ ನಕ್ಕರು. ಚನ್ನಗಿರಿಯಿಂದ ಅಡಿಕೆ ನೋಡಲು ಬಂದಿದ್ದ ವ್ಯಾಪಾರಿಯೂ ನಕ್ಕ, ವ್ಯಾಪಾರ ಕುದುರಬೇಕಲ್ಲ. ಶೆಡ್ಡಿನಲ್ಲಿ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ನಾವು ಹೆಂಗಸರು ಮಾತ್ರ ತಲೆ ಎತ್ತಲಿಲ್ಲ. ಗೌಡರು ಬೈದಾಗ ತಲೆ ಎತ್ತಬಾರದು, ನಕ್ಕಾಗಂತೂ ಎತ್ತಲೇಬಾರದು. ಮೆಟ್ಟುಗತ್ತಿಗೆ ಕಾಯಿ ಒತ್ತುವುದು, ಸಿಪ್ಪೆ ಬಿಡಿಸುವುದು, ಬುಟ್ಟಿಗೆ ಎಸೆಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೇ. ಕತ್ತು ಬಗ್ಗಿರುವುದು ಕೆಲಸಕ್ಕೂ ಒಳ್ಳೆಯದು, ಗೌಡರಿಗೂ ಒಳ್ಳೆಯದು.

ಬೈಗುಳ ತಿನ್ನುತ್ತಿದ್ದವಳು ನನ್ನ ಪಕ್ಕದ ಪ್ರೇಮಕ್ಕ. ಅವಳು ಕೈ ನಿಲ್ಲಿಸದೆ, “ಏನೂ ಕೊಟ್ಟಿಲ್ರಿ ಗೌಡ್ರೆ,” ಅಂದಳು.

“ಏನೂ ಕೊಡ್ದಿದ್ರೆ ಭಾನುವಾರ ಬಂದ್ರೆ ಆ ಶೀಟಿನ್ ಮನೆಗೆ ಏನ್ ಕಿಸಿಯಾಕೆ ಹೋಗ್ತೀಯೇ?”

“ಕುಂತ್ಕಳ್ಳಾಕೆ ಹೋಗ್ತೀನ್ರಿ.”

ನನಗೆ ನಗು ಬಂತು, ನುಂಗಿಕೊಂಡೆ. ಅವಳು ಹೇಳಿದ್ದು ನಿಜವೇ ಆಗಿತ್ತು.

ಪ್ರೇಮಕ್ಕ ಜಗಳೂರು ಕಡೆಯಿಂದ ಈ ಊರಿನ ಎ.ಕೆ. ಕಾಲೋನಿಗೆ ಸೊಸೆಯಾಗಿ ಬಂದವಳು. ನಾನು ರಹಮತ್‌ಬೀ, ಸಾಸ್ವೆಹಳ್ಳಿಯಿಂದ ಇಲ್ಲಿನ ಮಸೀದಿ ಓಣಿಗೆ ಬಂದವಳು. ಗೌಡರ ಶೆಡ್ಡಿನಲ್ಲಿ ಇಬ್ಬರ ಕತ್ತಿಯೂ ಅಕ್ಕಪಕ್ಕ. ಮಕ್ಕಳ ಜ್ವರ, ಗಂಡಂದಿರ ಕುಡಿತ, ಮಂಡಿ ನೋವು ಎಲ್ಲವನ್ನೂ ಅಡಿಕೆ ಸಿಪ್ಪೆಯ ಜೊತೆ ಸುಲಿದು ರಾಶಿ ಹಾಕಿದ್ದೇವೆ. ನನಗಿಂತ ಅವಳು ಚಿಕ್ಕವಳು, ಆದರೆ ನೋಡಿದವರು ಅವಳನ್ನೇ ಹಿರಿಯಳು ಅನ್ನುತ್ತಾರೆ. ಎರಡು ವರ್ಷದ ಹಿಂದೆ ಅವಳ ಗಂಡ ಅಂಜಿನಪ್ಪ ಇದೇ ಗೌಡರ ತೋಟದಲ್ಲಿ ಗೊನೆ ಇಳಿಸುವಾಗ ಮರದಿಂದ ಬಿದ್ದ. ಕುಡಿದು ಹತ್ತಿದ್ದ ಅಂತ ಗೌಡರು ಅಂದರು. ಕುಡಿದಿರಲಿಲ್ಲ. ದುರ್ಮರಣದ ದೋಷ ಇದೆ, ಶಾಂತಿ ಮಾಡಿಸಬೇಕು ಅಂತ ಪೂಜಾರಪ್ಪ ಬಾಗಿಲ ಹೊರಗೆ ನಿಂತೇ ಹೇಳಿ ಹೋದ. ಒಳಗೆ ಯಾರೂ ಬರಲಿಲ್ಲ.

ಒಳಗೆ ಬಂದವನು ಓಂಕಾರ್. ನ್ಯಾಮತಿಯವನು, ಮನೆಗಳಿಗೆ ಸುಣ್ಣಬಣ್ಣ ಬಳಿಯುವ ಕೆಲಸ. ಓಂಕಾರ ಅಂತ ಹೆಸರಿಟ್ಟುಕೊಂಡು ಯೇಸುವಿನ ಸುದ್ದಿ ಹೇಳುತ್ತಾನಲ್ಲ ಅಂತ ನಾವೆಲ್ಲ ನಗುತ್ತಿದ್ದೆವು. ಅವನು ಪ್ರೇಮಕ್ಕನ ಮನೆಯ ನೆಲದ ಮೇಲೆ ಕೂತು, ಅವಳು ಕೊಟ್ಟ ನೀರು ಕುಡಿದು, “ನಮ್ ಸ್ವಾಮೀನೂ ಮರದ ಮ್ಯಾಲೇ ಸತ್ತೋನು ಅಕ್ಕ,” ಅಂದನಂತೆ. ಅದೊಂದು ಮಾತಿಗೆ ಅವಳು ಶೀಟಿನ ಮನೆಯ ಪ್ರಾರ್ಥನೆಗೆ ಹೋಗತೊಡಗಿದಳು.

ಅಲ್ಲಿ ಏನು ಹೇಳುತ್ತಾರೆ ಅಂತ ಸೋಮವಾರ ಸೋಮವಾರ ನಾನು ಕೇಳುತ್ತಿದ್ದೆ. ಅವಳಿಗೂ ಯಾರಿಗಾದರೂ ಹೇಳಿಕೊಳ್ಳಬೇಕಿತ್ತು.

“ರಕ್ಷಣೆ ಅಂತಾರೆ ರಹಮತಕ್ಕ. ಉಪಾಸ ಬ್ಯಾಡಂತೆ, ಹರಕೆ ಬ್ಯಾಡಂತೆ, ನಾವು ದುಡಿದು ಸಂಪಾದ್ಸೋದಲ್ಲಂತೆ. ನಮ್ ಪಾಪದ್ದೆಲ್ಲ ಆತ ಆಗಲೇ ತೀರಿಸ್ಯಾನಂತೆ. ತಪ್ಪಾತು ಅಂದು, ನಂಬಿ, ನೀನೇ ನಮ್ಮಪ್ಪ ಅಂತ ಬಾಯಿಬಿಟ್ಟು ಹೇಳಿ ಇಸ್ಕಬೇಕಂತೆ, ಅಷ್ಟೇ. ಪುಕ್ಕಟೆ.”

“ಇಸ್ಕಂಡ್ಯಾ ಮತ್ತೆ?”

“ಇಲ್ಲಕ್ಕ. ಪುಕ್ಕಟೆ ಅಂದ್ರೆ ನಂಗೆ ಭಯ.”

ಭಯವಾಗದೆ ಏನು? ಗೌಡರು ಹಬ್ಬಕ್ಕೆ ಪುಕ್ಕಟೆ ಸೀರೆ ಕೊಟ್ಟರೆ ಮುಂದಿನ ಕೊಯ್ಲಿಗೆ ಬೇರೆ ಶೆಡ್ಡಿಗೆ ಹೋಗುವ ಹಾಗಿಲ್ಲ. ಓಟಿನವರು ಪುಕ್ಕಟೆ ಕುಕ್ಕರ್ ಕೊಟ್ಟರೆ ಐದು ವರ್ಷ ಅವರ ಮುಖ ಕಾಣುವ ಹಾಗಿಲ್ಲ. ಪುಕ್ಕಟೆಯಾಗಿ ಬಂದದ್ದು ಎಲ್ಲಿ ಕಚ್ಚುತ್ತದೆ ಅಂತ ನೋಡಿಯೇ ನಾವು ಮುದುಕಿಯರಾಗಿದ್ದೇವೆ.

ಇನ್ನೊಂದು ತೊಡಕೂ ಇತ್ತು. ಮೊದಲು ಪಾಪ ಒಪ್ಪಿಕೊಳ್ಳಬೇಕಲ್ಲ, ಯಾವ ಪಾಪ ಅಂತ ಪ್ರೇಮಕ್ಕನಿಗೆ ಸಿಗುತ್ತಿರಲಿಲ್ಲ. ವಾರವೆಲ್ಲ ಹುಡುಕಿದಳು. ಕೊನೆಗೆ, “ಗೌಡ್ರ ಅಡಿಕೆ ಎಲ್ಡು ಬಾಯಿಗೆ ಹಾಕ್ಕಂಡೀನಿ,” ಅಂದಳು. “ಮತ್ತೆ, ನನ್ ಗಂಡ ಬಿದ್ದ ದಿನ ಗೌಡ್ರು ಸಾಯ್ಲಿ ಅಂತ ಮನ್ಸಿನಾಗೆ ಅಂದೀನಿ.”

“ಅದು ಪಾಪನಾ?”

“ಓಂಕಾರಣ್ಣ ಹೌದು ಅಂತಾನೆ. ಅದನ್ನ ಬಿಡಾಕಾಗ್ತಿಲ್ಲ ನಂಗೆ.”

ಅದಕ್ಕೇ ಅವಳು ಇನ್ನೂ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡಿರಲಿಲ್ಲ. ಒಳಗೆ ಆಗಿದ್ದಕ್ಕೆ ಹೊರಗಿನ ಗುರುತು ಆ ಸ್ನಾನ, ಒಳಗೆ ಆಗದೆ ನೆನೆದು ಏನು ಬಂತು ಅನ್ನುತ್ತಿದ್ದಳು. ಆದರೂ ಭಾನುವಾರ ಹೋಗುತ್ತಿದ್ದಳು. ಅಲ್ಲಿ ಚಾಪೆ ಹಾಸಿ “ಕುಂತ್ಕಳಕ್ಕ” ಅನ್ನುತ್ತಾರೆ, ಎರಡು ತಾಸು ಯಾರೂ ಏಳು ಅನ್ನುವುದಿಲ್ಲ. ಜಗಲಿ ಹತ್ತಿದರೆ ಬೈಸಿಕೊಳ್ಳುವವಳಿಗೆ ಅದೇ ಅರ್ಧ ಸ್ವರ್ಗ.

ಗೌಡರ ಬೈಗುಳ ಇನ್ನೂ ಮುಗಿದಿರಲಿಲ್ಲ, ಶೆಡ್ಡಿನ ಮುಂದೆ ಪೊಲೀಸ್ ಜೀಪು ನಿಂತಿತು. ಸಬ್‌ಇನ್ಸ್‌ಪೆಕ್ಟರ್ ಸಾಹೇಬರು ಇಳಿದರು. ಹಿಂದೆ ಒಬ್ಬ ಪೇದೆ, ಪೇದೆಯ ಹಿಂದೆ ಓಂಕಾರ್. ಹಿಂದಿನ ದಿನ ಸಂಜೆ ಊರಿನ ಹುಡುಗರು ಶೀಟಿನ ಮನೆಗೆ ನುಗ್ಗಿ ಅವನನ್ನು ಠಾಣೆಗೆ ಎಳೆದುಕೊಂಡು ಹೋಗಿದ್ದು ನಮಗೆ ಗೊತ್ತಿತ್ತು. ಇಷ್ಟು ಹೊಡೆದಿದ್ದಾರೆ ಅಂತ ಗೊತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ಸಾಹೇಬರಿಗೆ ಕುರ್ಚಿ ಬಂತು, ಕಾಫಿ ಬಂತು. ಠಾಣೆಗೆ ಕರೆಸಿದರೆ ಜನ ಸೇರುತ್ತಾರೆ, ಇಲ್ಲೇ ಹೇಳಿಕೆ ಬರೆಸಿ ಮುಗಿಸೋಣ ಅಂತ ಗೌಡರೇ ಕರೆಸಿದ್ದರು.

“ಏನಮ್ಮಾ,” ಅಂದರು ಸಾಹೇಬರು. “ಹೊಸ ಕಾಯ್ದೆ ಐತೆ. ಬಲವಂತವಾಗಿ ಜಾತಿ ಕೆಡಿಸಿದ್ರೆ, ಇಲ್ಲ ಆಮಿಷ ತೋರಿಸಿ ಕೆಡಿಸಿದ್ರೆ ಜೈಲು. ಎರಡ್ರಲ್ಲಿ ಯಾವ್ದು ಹೇಳು, ಬರ್ಕಂತೀವಿ. ನಿಂಗೇನೂ ಆಗಲ್ಲ.”

“ಎಲ್ಡೂ ಇಲ್ರಿ ಸಾರ್.”

“ಏನೂ ಕೊಡ್ಲಿಲ್ವಾ?”

ಪ್ರೇಮಕ್ಕ ಯೋಚಿಸಿದಳು. ಅವಳಿಗೆ ಸುಳ್ಳು ಬರುವುದಿಲ್ಲ, ಅದೇ ಅವಳ ದೊಡ್ಡ ಕಷ್ಟ. “ರಕ್ಷಣೆ ಕೊಡ್ತೀನಿ ಅಂದ್ರು.”

“ರಕ್ಷಣೆನಾ?” ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. “ರಕ್ಷಣೆ ಕೊಡಾಕೆ ಪೊಲೀಸ್ನೋರು ನಾವಿದ್ದೀವಲ್ಲಮ್ಮ. ಯಾರಿಂದ ರಕ್ಷಣೆ?”

ಅವಳು ಗೌಡರ ಕಡೆ ನೋಡಿ, ಮತ್ತೆ ಬುಟ್ಟಿ ನೋಡಿದಳು. “ಪಾಪದಿಂದ ಅಂತಾರ್ರಿ. ಪುಕ್ಕಟೆ ಅಂತೆ.”

“ಪುಕ್ಕಟೆ! ಕೇಳಿದ್ರಾ?” ಗೌಡರು ತೊಡೆ ತಟ್ಟಿದರು. “ಪುಕ್ಕಟೆ ಕೊಡ್ತೀನಿ ಅಂದ್ರೆ ಅದೇ ಅಲ್ವಾ ಸಾರ್ ಆಮಿಷ?”

“ಅದೆಂಗೆ ಬರೀಲಿ ಗೌಡ್ರೇ, ಕೈಗೆ ಸಿಗೋ ವಸ್ತು ಬೇಕು ಕೇಸಿಗೆ. ಹೊಲಿಗೆ ಮಿಷಿನ್ ಅಂತಲೇ ಬರ್ಕಳಾಣ. ಅವನೂ ಒಪ್ಪಿದ್ದಾನೆ.”

ಅವನು ಒಪ್ಪಿದ್ದಾನೆ ಅಂದಾಗ ಪ್ರೇಮಕ್ಕನ ಕೈ ಮೊದಲ ಸಲ ನಿಂತಿತು. ಓಂಕಾರ್ ತೆರೆದಿದ್ದ ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿದ.

“ಹೂಂ ಅಂದ್ಬಿಡಕ್ಕ,” ಅಂದ. ತುಟಿ ಒಡೆದಿತ್ತು, ಮಾತು ಸರಿಯಾಗಿ ಬರುತ್ತಿರಲಿಲ್ಲ. “ಮಿಷಿನ್ ಕೊಟ್ಟೆ, ನಾಲೆ ನೀರಾಗೆ ಮುಳುಗಿಸ್ದೆ ಅಂತ ನಾನು ಬರ್ಕೊಟ್ಟೀನಿ. ನೀನೂ ಹೂಂ ಅಂದ್ರೆ ಆ ಕಾಗದ ಠಾಣೆನಾಗೆ ಇಟ್ಕಂಡು, ಜೈಲಿಗೆ ಹಾಕ್ದೆ ನನ್ನ ಹೊನ್ನಾಳಿ ದಾಟಿಸಿ ಬಿಟ್ಬಿಡ್ತಾರಂತೆ. ತಿರುಗಿ ಈ ಕಡೆ ಬರಲ್ಲ. ನಂಗೆ ಸಣ್ಣ ಮಕ್ಳು ಅದಾವೆ ಅಕ್ಕ.”

ಪಾಪ ಅನ್ನಿಸಿತು. ಹೊಡೆತ ತಿಂದವರಿಗೆ ಮಾತ್ರ ಹೊಡೆತದ ಬೆಲೆ ಗೊತ್ತು. ಹೂಂ ಅಂದರೆ ಅವನು ಮನೆಗೆ ಹೋಗುತ್ತಾನೆ, ಇವಳ ಕೂಲಿ ಉಳಿಯುತ್ತದೆ, ಸಾಹೇಬರ ಕಾಫಿ ಆರುವುದಿಲ್ಲ. ಹೂಂ ಅಂದುಬಿಡೇ ಪ್ರೇಮಾ, ಎಲ್ಲರೂ ಬದುಕಿಕೊಳ್ಳೋಣ ಅಂತ ನಾನೂ ಮನಸ್ಸಿನಲ್ಲೇ ಅಂದೆ.

ಪ್ರೇಮಕ್ಕ ಎದ್ದು ನಿಂತಳು. ಮಂಡಿ ಹಿಡಿದಿತ್ತು, ಕಂಬ ಹಿಡಿದು ಎದ್ದಳು.

“ನೀನೇ ಹೇಳಿದ್ದಲ್ಲೇನಪ್ಪ, ಇದಕ್ಕೆ ಯಾರೂ ಬೆಲೆ ಕಟ್ಟಾಕೆ ಆಗಲ್ಲ ಅಂತ? ಈಗ ಮಿಷಿನ್ ಕೊಟ್ಟೆ ಅಂತೀಯಲ್ಲ. ನನ್ ಜನ್ಮದಾಗೆ ಒಂದೇ ಒಂದು ಪುಕ್ಕಟೆ ಬಂದಿತ್ತು. ಇಸ್ಕಳ್ಳಾಕೆ ಧೈರ್ಯ ಇಲ್ದೆ ಅಲ್ಲೇ ಇಟ್ಟಿದ್ದೆ. ಅದಕ್ಕೂ ರೇಟ್ ಹಾಕ್ತೀಯಾ?”

ಓಂಕಾರ್ ತಲೆ ತಗ್ಗಿಸಿದ. ಅವನು ಅಳುತ್ತಿದ್ದ.

“ಅಳಬ್ಯಾಡ ಬಿಡು,” ಅಂದಳು. “ನಿನ್ ಮ್ಯಾಲೆ ಸಿಟ್ಟಿಲ್ಲ. ಆದ್ರೆ ನಾನು ಹೂಂ ಅನ್ನಲ್ಲ.” ಆಮೇಲೆ ಸಾಹೇಬರಿಗೆ ಹೇಳಿದಳು: “ಇವ್ನು ಮಿಷಿನ್ ಕೊಟ್ಟಿಲ್ಲ ಸಾರ್. ನನ್ನ ಮುಳುಗಿಸೂ ಇಲ್ಲ. ನಾನು ಇನ್ನಾ ನೀರಿಗೇ ಇಳಿದಿಲ್ಲ.”

ಗೌಡರು ಸಾಹೇಬರ ಮುಂದೆ, ವ್ಯಾಪಾರಿಯ ಮುಂದೆ, ನಮ್ಮೆಲ್ಲರ ಮುಂದೆ ನಿಂತಿದ್ದರು. ಅವರ ಮಾತು ಅವರದೇ ಶೆಡ್ಡಿನಲ್ಲಿ ನೆಲಕ್ಕೆ ಬಿದ್ದಿತ್ತು. ಒಲೆಯ ಪಕ್ಕ ಅಡಿಕೆ ಬೇಯಿಸಿದ ಚೊಗರು ಆರಲು ಇಟ್ಟಿದ್ದ ಬಕೆಟ್ಟಿತ್ತು. ಚೊಗರು ಗೊತ್ತಲ್ಲ, ಕೆಂಪಗೆ, ಅಂಟಂಟು. ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಕಲೆ ಹೋಗದು. ಗೌಡರು ಎಡಗೈಯಲ್ಲಿ ಪ್ರೇಮಕ್ಕನ ತುರುಬು ಹಿಡಿದು ಬಗ್ಗಿಸಿದರು. ಅವಳು “ಬ್ಯಾಡ್ರೀ ಗೌಡ್ರೇ, ಬ್ಯಾಡ್ರೀ” ಅಂದಳು. ಬಲಗೈಯಲ್ಲಿ ಬಕೆಟ್ ಎತ್ತಿ ನೆತ್ತಿಯ ಮೇಲೆ ಸುರಿದರು.

“ನೀರಿಗೇ ಇಳಿದಿಲ್ವಾ ಲೌಡಿ? ತಗಾ! ಈಗ ಆತಲ್ಲ ನಿನ್ ಸ್ನಾನ! ಈಗ ಹೇಳು ಮುಳುಗಿಸಿದ್ರು ಅಂತ!”

ಚೊಗರು ಅವಳ ಕೂದಲಿನಿಂದ, ಮೂಗಿನಿಂದ, ಸೆರಗಿನಿಂದ ತೊಟ್ಟಿಕ್ಕಿತು. ಆರಿತ್ತು, ಸುಡಲಿಲ್ಲ. ನಮ್ಮ ಕತ್ತಿಗಳ ಸದ್ದು ನಿಂತಿತ್ತು. ಅವಳು ಕಣ್ಣು ಒರೆಸಿಕೊಳ್ಳಲು ನೋಡಿದಳು, ಕೈಯೂ ಚೊಗರೇ ಆಗಿತ್ತು. ನಾನು ನನ್ನ ದುಪಟ್ಟಾ ಕೊಟ್ಟೆ. ಮುಖ ಒರೆಸಿ ವಾಪಸ್ ಕೊಡುವಾಗ, “ಕಲೆ ಆತಲ್ಲಕ್ಕ,” ಅಂದಳು.

ವ್ಯಾಪಾರಿ ಮೊಬೈಲ್ ನೋಡುತ್ತ ಹೊರಗೆ ಹೋದ. ಸಾಹೇಬರಿಗೆ ಇದು ಹೆಚ್ಚಾಯಿತು ಅನ್ನಿಸಿರಬೇಕು. ಬೇಗ ಮುಗಿಸಿ ಎದ್ದು ಹೋಗುವ ಅವಸರದಲ್ಲಿ ಪೇದೆಗೆ ಪೆನ್ನು ತೆಗೆಯಲು ಹೇಳಿದರು.

“ಆತಮ್ಮ, ಹಠ ಸಾಕು. ಯಾರು ಮುಳುಗಿಸಿದ್ರು, ಹೆಸರು ಹೇಳು.”

ಪ್ರೇಮಕ್ಕ ಹಣೆಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಗೌಡರ ಮುಖವನ್ನು ನೇರವಾಗಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಬರ್ಕಳ್ರಿ ಸಾರ್. ಪ್ರೇಮಮ್ಮ, ಗಂಡ ಅಂಜಿನಪ್ಪ. ನಾನು ಯೇಸಪ್ಪನೋಳು. ಬಾಯಿಬಿಟ್ಟು ಹೇಳ್ತಿದೀನಿ, ಯಾರೂ ಏನೂ ಕೊಟ್ಟು ಹೇಳಿಸ್ತಿಲ್ಲ. ನಂಗೆ ಸ್ನಾನ ಮಾಡ್ಸಿದ್ದು ಗುರುಬಸವರಾಜಪ್ಪ ಗೌಡ್ರು. ಬ್ಯಾಡ ಬ್ಯಾಡ ಅಂದ್ರೂ ಜುಟ್ಟು ಹಿಡಿದು ಮಾಡ್ಸಿದ್ರು. ಬಲವಂತನಾ ಆಮಿಷನಾ ಅಂತ ಕೇಳಿದ್ರಲ್ಲ? ಬಲವಂತ.”

ಓಂಕಾರ್ ತಲೆ ಎತ್ತಿದ. ಪೇದೆಗೆ ನಗು ಬಂದು ಕೆಮ್ಮಿದ. ಬಕೆಟ್ ಇನ್ನೂ ಗೌಡರ ಕೈಯಲ್ಲೇ ಇತ್ತು.

ಸಾಹೇಬರು ನಮ್ಮ ಸಾಲಿನ ಕಡೆ ತಿರುಗಿದರು. ಒಬ್ಬೊಬ್ಬರನ್ನೇ ದಿಟ್ಟಿಸುತ್ತ, “ಯಾರಾದ್ರೂ ನೋಡಿದ್ದೀರೇನ್ರೇ?” ಅಂದರು. ನೋಡಿಲ್ಲ ಅನ್ನಿ ಅನ್ನುವ ದನಿ ಅದು. ಆ ದನಿಗೆ ಉತ್ತರ ಕೊಡುವುದನ್ನು ನಾವು ಹುಟ್ಟುತ್ತಲೇ ಕಲಿತಿದ್ದೇವೆ. ಸಾಲಿನ ತುದಿಯಲ್ಲಿ ಕೂತಿದ್ದ ಪುಷ್ಪಾ ಕತ್ತಿಗೆ ಕಾಯಿ ಒತ್ತಿದಳು. ಉಳಿದವರೂ ಒತ್ತಿದರು.

ನನ್ನ ಮಗ ಇಲಿಯಾಸ್ ಗೌಡರ ಲೋಡ್ ಆಟೋ ಓಡಿಸುತ್ತಾನೆ. ನಮ್ಮ ಓಣಿಯವರು ಇಂಥ ಕೇಸಿನಲ್ಲಿ ಬಾಯಿ ಹಾಕಿದರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅವಳ ರಕ್ಷಣೆ ನನಗೆ ಬೇಕಿಲ್ಲ, ನನ್ನ ದೇವರು ನನಗಿದ್ದಾನೆ. ಆದರೆ ಬಗ್ಗಿ ಬಗ್ಗಿ ಕತ್ತು ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು.

“ನಾನು ನೋಡಿದೆ ಸಾರ್,” ಅಂದೆ. “ಗೌಡ್ರೇ ಮಾಡ್ಸಿದ್ದು.”

“ನಿನ್ ಹೆಸ್ರು?”

“ರಹಮತ್‌ಬೀ.”

“ಇವತ್ತಿಂದ ನೀವಿಬ್ರೂ ಈ ಶೆಡ್ಡಿನ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ ಮುಂಡೇರಾ!” ಗೌಡರು ಕಿರುಚಿದರು. ಬಕೆಟ್ ಬೀಸಿ ಗೋಡೆಗೆ ಎಸೆದರು.

ಪೇದೆಯ ಪೆನ್ನು ಕಾಗದದ ಮೇಲೆ ನಿಂತಿತ್ತು. ಬರೆಯಬೇಕೋ ಬೇಡವೋ ತಿಳಿಯದೆ ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಗೌಡರ ಮುಖ ನೋಡಿದರು.

ಪ್ರೇಮಕ್ಕ ನನ್ನ ಪಕ್ಕ ಬಂದು ಕಾಲು ಚಾಚಿ ಕೂತಳು.

“ನಿಧಾನಕ್ಕೆ ಬರ್ಕಳ್ರಿ,” ಅಂದಳು. “ನಮಗೇನು ಅವಸ್ರ ಇಲ್ಲ. ಕೆಲ್ಸ ಹೋತಲ್ಲ.”